ತೆರೆಮರೆಯವರಿಗೊಂದು ದತ್ತಿ: ಮೇಕಪ್ ಕಲಾವಿದೆಯೊಬ್ಬರ ಉಯಿಲಿನ ಪ್ರಕರಣ ಅಧ್ಯಯನ

ಕಂಪನಿ ನಾಟಕದ ಕ್ಯಾಂಪುಗಳಲ್ಲಿ ಬಣ್ಣ ಹಚ್ಚುತ್ತ ವೃತ್ತಿಗಿಳಿದು, ಆಮೇಲೆ ಸಿನಿಮಾ, ಧಾರಾವಾಹಿಗಳಿಗೆ ಬಂದ 68 ವರ್ಷದ ಮೇಕಪ್ ಕಲಾವಿದೆಯ ಪ್ರಕರಣ ಇದು. ಗಂಡ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ತಾವು ದುಡಿದದ್ದರಲ್ಲಿ ಹೆಚ್ಚಿನ ಪಾಲು ತಮ್ಮಂತೆಯೇ ತೆರೆಮರೆಯಲ್ಲಿ ದುಡಿದವರ ಆಸ್ಪತ್ರೆ ಖರ್ಚಿಗೆ, ಕೆಲಸವಿಲ್ಲದ ತಿಂಗಳುಗಳ ಬಾಡಿಗೆಗೆ ಆಗಬೇಕು ಎಂಬುದು ಅವರ ಆಸೆ. ಇದು ಯಾರೋ ಒಬ್ಬರ ಬದುಕಿನ ವರದಿಯಲ್ಲ. ಇಂಥ ಉಯಿಲುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಬ್ಬ ವ್ಯಕ್ತಿಯ ಸುತ್ತ ಕೂಡಿಸಿದ ಮಾದರಿ ಪ್ರಕರಣ. ಮೊತ್ತಗಳು ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು. ಕಾನೂನು ಮಾತ್ರ ಇದ್ದದ್ದು ಇದ್ದಂತೆ.

ಅವರ ಸ್ವತ್ತು ಇಷ್ಟು: ಗಂಡ ಹೋದ ಮೇಲೆ ಸ್ವಂತ ದುಡಿಮೆಯಿಂದ ಬೆಂಗಳೂರಿನಲ್ಲಿ ಕೊಂಡ ಒಂದು ಕೋಣೆಯ ಫ್ಲ್ಯಾಟ್, ಬೆಲೆ ಸುಮಾರು 55 ಲಕ್ಷ ರೂಪಾಯಿ. ಬ್ಯಾಂಕಿನಲ್ಲಿ ಎಫ್‌ಡಿ 14 ಲಕ್ಷ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಖಾತೆಯಲ್ಲಿ 9 ಲಕ್ಷ. ಉಳಿತಾಯ ಖಾತೆಯಲ್ಲಿ ಒಂದೂವರೆ ಲಕ್ಷ. ಒಡವೆ 6 ಲಕ್ಷದ್ದು. ಒಟ್ಟು 85.5 ಲಕ್ಷ. ಇದರ ಹೊರತಾಗಿ ತವರಿನ ಮನೆಯಲ್ಲಿ ತಂದೆಯಿಂದ ಬಂದ, ಇನ್ನೂ ವಿಭಾಗವಾಗದ ಪಾಲು.

ಉಯಿಲು ಇಲ್ಲದಿದ್ದರೆ

‘ನನಗೆ ಹಿಂದೆ ಮುಂದೆ ಯಾರೂ ಇಲ್ಲ, ನಾನು ಹೋದಮೇಲೆ ನನ್ನನ್ನು ನೋಡಿಕೊಂಡ ಅಣ್ಣನ ಮಗನಿಗೆ ಹೋಗುತ್ತದೆ, ಅವನು ನನ್ನ ಆಸೆ ನೆರವೇರಿಸುತ್ತಾನೆ’ ಎಂದು ಅವರು ನಂಬಿದ್ದರು. ಕಾನೂನು ಹಾಗೆ ಹೇಳುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ 15ನೇ ಕಲಮಿನ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ಹಿಂದೂ ಮಹಿಳೆಗೆ ಗಂಡ, ಮಕ್ಕಳು ಇಲ್ಲದಿದ್ದರೆ ಆಸ್ತಿ ಹೋಗುವುದು ಗಂಡನ ವಾರಸುದಾರರಿಗೆ. ಆಕೆಯ ತಂದೆ ತಾಯಿಗೂ ಅವರ ನಂತರವೇ ಸರದಿ. ತಂದೆ ಅಥವಾ ತಾಯಿಯಿಂದ ಬಂದ ಆಸ್ತಿಗೆ ಮಾತ್ರ ವಿನಾಯಿತಿ. ಅದು ತಂದೆಯ ವಾರಸುದಾರರಿಗೆ ಮರಳುತ್ತದೆ. ಹಾಗಾಗಿ ಅಣ್ಣನ ಮಗನಿಗೆ ದಕ್ಕಬಹುದಾದದ್ದು ತವರುಮನೆಯ ಪಾಲಿನಲ್ಲಿ ಒಂದಷ್ಟು ಮಾತ್ರ. ಫ್ಲ್ಯಾಟ್, ಎಫ್‌ಡಿ, ಒಡವೆ ಎಲ್ಲವೂ ಗಂಡನ ಅಣ್ಣತಮ್ಮಂದಿರ ಮಕ್ಕಳಿಗೆ ಹೋಗುತ್ತಿತ್ತು. ಅವರಲ್ಲಿ ಕೆಲವರ ಮುಖವನ್ನೂ ಈಕೆ ಕಂಡಿಲ್ಲ. ಆಸ್ತಿ ಆಕೆಯ ಸ್ವಂತ ದುಡಿಮೆಯದು ಎಂಬ ವಾದವೂ ನಿಲ್ಲದು. 2009ರಲ್ಲಿ ಓಂ ಪ್ರಕಾಶ್ ವಿರುದ್ಧ ರಾಧಾಚರಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಧವೆಯ ಸ್ವಯಾರ್ಜಿತವೂ ಗಂಡನ ವಾರಸುದಾರರಿಗೇ ಎಂದಿತು. ರಂಗಭೂಮಿ, ಸಿನಿಮಾದಲ್ಲಿ ಒಂಟಿಯಾಗಿ ದುಡಿದು ಮನೆ ಮಾಡಿಕೊಂಡ ಹೆಣ್ಣುಮಕ್ಕಳು ಬಹಳ. ಅವರೆಲ್ಲರಿಗೂ ಈ ಒಂದು ಕಲಮು ತಿಳಿದಿರಬೇಕು.

ಬೇರೆ ಧರ್ಮದವರಿಗೆ ನಿಯಮ ಬೇರೆ. ಮುಸ್ಲಿಮರು ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗವನ್ನಷ್ಟೇ ವಾರಸುದಾರರ ಒಪ್ಪಿಗೆಯಿಲ್ಲದೆ ಉಯಿಲಿನಲ್ಲಿ ಕೊಡಬಹುದು. ಹತ್ತಿರದ ಬಂಧುಗಳಿರುವ ಕ್ರೈಸ್ತರು ದತ್ತಿಗೆ ಬರೆಯುವುದಾದರೆ ಸಾವಿಗೆ 12 ತಿಂಗಳ ಮೊದಲೇ ಬರೆದಿರಬೇಕು ಎಂಬ ಹಳೆಯ ನಿರ್ಬಂಧವನ್ನು, ಅಂದರೆ ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಕಲಮನ್ನು, ಸುಪ್ರೀಂ ಕೋರ್ಟ್ 2003ರಲ್ಲಿ ಜಾನ್ ವಲ್ಲಮಟ್ಟಂ ಪ್ರಕರಣದಲ್ಲಿ ರದ್ದು ಮಾಡಿತು. ಅದು ಇನ್ನೂ ಜಾರಿಯಲ್ಲಿದೆ ಎಂದು ಹೇಳಿ ಹೆದರಿಸುವವರು ಈಗಲೂ ಸಿಗುತ್ತಾರೆ.

ಮೊದಲ ಕರಡು ಏಕೆ ನಿಲ್ಲಲಿಲ್ಲ

ಅವರು ಬಿಳಿ ಹಾಳೆಯ ಮೇಲೆ ಕೈಯಾರೆ ಬರೆದದ್ದು ಇಷ್ಟೇ: ‘ನನ್ನ ಕಾಲಾನಂತರ ನನ್ನ ಮನೆ ಮತ್ತು ಹಣ ಕಷ್ಟದಲ್ಲಿರುವ ಬಡ ಕಲಾವಿದರಿಗೆ ಸಂಘದ ಅಧ್ಯಕ್ಷರ ಮೂಲಕ ಸಲ್ಲತಕ್ಕದ್ದು.’ ಕೆಳಗೆ ಸಹಿ, ಪಕ್ಕದ ಮನೆಯವರೊಬ್ಬರ ಸಾಕ್ಷಿ.

ಕೈಬರಹ ದೋಷವಲ್ಲ. ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರ 63ನೇ ಕಲಮು ಯಾವ ನಮೂನೆಯನ್ನೂ ಕೇಳುವುದಿಲ್ಲ, ಛಾಪಾ ಕಾಗದವೂ ಬೇಡ. ಆದರೆ ಸಾಕ್ಷಿಗಳು ಇಬ್ಬರಾದರೂ ಇರಲೇಬೇಕು. ಬರೆದವರು ಸಹಿ ಹಾಕುವುದನ್ನು ಇಬ್ಬರೂ ಕಂಡಿರಬೇಕು, ಇಲ್ಲವೇ ‘ಇದು ನನ್ನದೇ ಸಹಿ’ ಎಂದು ಅವರ ಬಾಯಿಂದ ಕೇಳಿರಬೇಕು, ಮತ್ತು ಅವರ ಎದುರಿನಲ್ಲೇ ತಮ್ಮ ಸಹಿ ಹಾಕಿರಬೇಕು. ಒಂದೇ ಸಾಕ್ಷಿ ಇದ್ದದ್ದರಿಂದ ಈ ಹಾಳೆ ಅಲ್ಲಿಗೇ ಬಿದ್ದುಹೋಯಿತು.

ಸಾಕ್ಷಿ ಸರಿಯಿದ್ದರೂ ಒಕ್ಕಣೆ ಸಾಲದಾಗಿತ್ತು. ಖಚಿತ ಉದ್ದೇಶ ತಿಳಿಯದ ದಾನ ಅನಿಶ್ಚಿತತೆಯಿಂದಾಗಿ ಶೂನ್ಯ ಎನ್ನುತ್ತದೆ ಅದೇ ಕಾಯ್ದೆಯ 89ನೇ ಕಲಮು. ‘ಧರ್ಮಕ್ಕೆ’ ಎಂದಷ್ಟೇ ಬರೆದಿಟ್ಟ ಆಸ್ತಿಯನ್ನು 1899ರಲ್ಲಿ ಪ್ರೀವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಪೀಠ) ಇದೇ ಕಾರಣಕ್ಕೆ ತಳ್ಳಿಹಾಕಿತ್ತು. ‘ಬಡ ಕಲಾವಿದರಿಗೆ’ ಎಂಬುದು ಅಷ್ಟು ಮಸುಕಲ್ಲ, ದತ್ತಿಯ ಉದ್ದೇಶ ಕಾಣುವುದರಿಂದ ನ್ಯಾಯಾಲಯ ಯೋಜನೆಯೊಂದನ್ನು ರೂಪಿಸಿ ಅದನ್ನು ಉಳಿಸಬಹುದು. ಆದರೆ ಅದಕ್ಕೆ ಯಾರೋ ದಾವೆ ಹೂಡಬೇಕು, ವರ್ಷಗಟ್ಟಲೆ ನಡೆಸಬೇಕು, ಆ ಖರ್ಚೆಲ್ಲ ಇದೇ ಹಣದಿಂದ ಹೋಗಬೇಕು. ಅಷ್ಟರಲ್ಲಿ ಫ್ಲ್ಯಾಟಿಗೆ ಬೀಗ, ನಿರ್ವಹಣಾ ಶುಲ್ಕ ಬಾಕಿ.

‘ಅಧ್ಯಕ್ಷರ ಮೂಲಕ’ ಎಂಬ ಎರಡು ಪದ ಇನ್ನೂ ಅಪಾಯದವು. ಅಧ್ಯಕ್ಷರ ಹೆಸರು ಬರೆದರೆ ಅದು ಅವರಿಗೇ ಕೊಟ್ಟದ್ದು ಎಂದು ಅವರ ಮಕ್ಕಳು ವಾದಿಸಬಹುದು. ಹೆಸರು ಬರೆಯದಿದ್ದರೆ ಯಾವ ಸಂಘ ಎಂಬ ಪ್ರಶ್ನೆ. ಎಲ್ಲರೂ ಬಾಯಲ್ಲಿ ಕರೆಯುವ ಹೆಸರೇ ಬೇರೆ, ನೋಂದಣಿ ಪತ್ರದ ಹೆಸರೇ ಬೇರೆ ಆಗಿರುವುದು ಕಲಾವಿದರ ಸಂಘಗಳಲ್ಲಿ ಸಾಮಾನ್ಯ. ನೋಂದಣಿಯೇ ಆಗದ ಸಂಘ ತನ್ನ ಹೆಸರಿನಲ್ಲಿ ಸ್ಥಿರಾಸ್ತಿ ಹೊಂದಲಾರದು.

ಯಾರ ಕೈಗೆ ಕೊಡುವುದು

ಮೂರು ದಾರಿಗಳನ್ನು ತೂಗಿ ನೋಡಲಾಯಿತು. ಕಾರ್ಮಿಕರ ಯೂನಿಯನ್ನಿಗೆ ಕೊಡುವುದು ಮೊದಲನೆಯದು. ಹಣ ಸರಿಯಾದ ಜನರ ನಡುವೆಯೇ ಉಳಿಯುತ್ತದೆ, ನಿಜ. ಆದರೆ ಯೂನಿಯನ್ನಿನ ನಿಧಿ ಸದಸ್ಯರಿಗೆ ಮಾತ್ರ. ಕಾರ್ಡ್ ಮಾಡಿಸಿಕೊಳ್ಳಲಾಗದೆ ದಿನಗೂಲಿಗೆ ಬರುವ ಸೆಟ್ ಕೆಲಸದವರು, ಕ್ಯಾಂಪಿನಲ್ಲಿ ಸೀನರಿ ಎತ್ತುವವರು, ಜೂನಿಯರ್ ಆರ್ಟಿಸ್ಟುಗಳು ಹೊರಗೇ ಉಳಿಯುತ್ತಾರೆ. ಹೆಚ್ಚು ಕಷ್ಟ ಅವರದೇ. ತೆರಿಗೆ ಕಾನೂನಿನಲ್ಲೂ ಯೂನಿಯನ್ ದತ್ತಿ ಸಂಸ್ಥೆಯಲ್ಲ.

ತಮ್ಮ ಹೆಸರಿನಲ್ಲೇ ಹೊಸ ಟ್ರಸ್ಟ್ ಎರಡನೆಯದು. ಹೆಚ್ಚಿನವರ ಮನಸ್ಸು ಇದಕ್ಕೇ ವಾಲುತ್ತದೆ. ಮೂಲನಿಧಿ ಒಂದು ಕೋಟಿಯನ್ನು ಚೆನ್ನಾಗಿ ದಾಟದಿದ್ದರೆ ಇದು ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಟ್ರಸ್ಟ್ ಡೀಡ್, ಪ್ಯಾನ್, ತೆರಿಗೆ ನೋಂದಣಿ, ಪ್ರತಿವರ್ಷ ಆಡಿಟ್, ರಿಟರ್ನ್, ನೋಂದಣಿ ನವೀಕರಣ ಇವೆಲ್ಲ ನಿಧಿ ಚಿಕ್ಕದೆಂದು ಬಿಡುವುದಿಲ್ಲ. ಟ್ರಸ್ಟಿಗಳಿಗೆ ವಯಸ್ಸಾಗುತ್ತದೆ, ಹತ್ತು ವರ್ಷದಲ್ಲಿ ಕಾಗದಗಳನ್ನು ನೋಡುವವರೇ ಇರುವುದಿಲ್ಲ.

ಅವರು ಆರಿಸಿಕೊಂಡದ್ದು ಮೂರನೆಯದನ್ನು: ಈಗಾಗಲೇ ನಡೆಯುತ್ತಿರುವ ಸಾರ್ವಜನಿಕ ಟ್ರಸ್ಟಿನೊಳಗೆ ಹೆಸರಿಟ್ಟ ದತ್ತಿನಿಧಿ. ಟ್ರಸ್ಟನ್ನು ಒಪ್ಪಿಕೊಳ್ಳುವ ಮೊದಲು ಕೇಳಿ ಪಡೆಯಬೇಕಾದ ಕಾಗದಗಳಿವೆ. ಟ್ರಸ್ಟ್ ಡೀಡಿನ ಪ್ರತಿ: ಅದರ ಉದ್ದೇಶಗಳಲ್ಲಿ ರಂಗಭೂಮಿ, ಚಿತ್ರರಂಗದ ಕೆಲಸಗಾರರ ವೈದ್ಯಕೀಯ ಮತ್ತು ಜೀವನ ನೆರವು ಇದೆಯೇ, ಬರೀ ಕಾರ್ಯಕ್ರಮ, ಪ್ರಶಸ್ತಿಗಳಷ್ಟೇ ಇವೆಯೇ? ಟ್ರಸ್ಟ್ ಮುಚ್ಚಿದರೆ ಹಣ ಎಲ್ಲಿಗೆ ಹೋಗುತ್ತದೆ ಎಂಬ ಕಲಮು ಇದೆಯೇ? 1961ರ ಆದಾಯ ತೆರಿಗೆ ಕಾಯ್ದೆಯ ಕಾಲದಿಂದ ‘12ಎಬಿ’ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ), ‘80ಜಿ’ (ದಾನ ಕೊಟ್ಟವರಿಗೆ ತೆರಿಗೆ ಕಡಿತ) ಎಂದೇ ರೂಢಿಯಲ್ಲಿರುವ ನೋಂದಣಿಗಳ ಆದೇಶ, ಅದರ ಅವಧಿ ಮುಗಿಯುವ ದಿನಾಂಕ. ಮೂರು ವರ್ಷದ ಆಡಿಟ್ ಆದ ಲೆಕ್ಕಪತ್ರ. ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆ, ಚೆಕ್ಕಿಗೆ ಎಷ್ಟು ಸಹಿ. ಈ ಕಾಗದ ಕೇಳಿದಾಗ ಬೇಸರ ಮಾಡಿಕೊಳ್ಳುವ ಸಂಸ್ಥೆಗೆ ಕೊಡಬೇಡಿ.

ಬದುಕಿರುವಾಗಲೇ ಪರೀಕ್ಷಿಸುವ ಒಂದು ದಾರಿಯೂ ಇದೆ. ಅವರು ಮೊದಲು 50,000 ರೂಪಾಯಿ ಕೊಟ್ಟು, ಒಂದು ವರ್ಷದಲ್ಲಿ ಯಾರಿಗೆ, ಯಾವ ಕಾರಣಕ್ಕೆ, ಎಷ್ಟು ದಿನದಲ್ಲಿ ತಲುಪಿತು ಎಂಬ ವರದಿ ಕೇಳಿದರು. ವರದಿ ಬಂದ ರೀತಿಯಿಂದಲೇ ಸಂಸ್ಥೆಯ ಬಗ್ಗೆ ಬಹಳಷ್ಟು ಗೊತ್ತಾಗುತ್ತದೆ. ಹೀಗೆ ಬದುಕಿದ್ದಾಗ ಕೊಟ್ಟದ್ದಕ್ಕೆ ಹಳೆಯ ತೆರಿಗೆ ಪದ್ಧತಿಯಲ್ಲಿರುವವರು 80ಜಿ ಕಡಿತವನ್ನೂ ಕೇಳಬಹುದು. ಉಯಿಲಿನ ಮೂಲಕ ಕೊಟ್ಟದ್ದಕ್ಕೆ ಆ ಕಡಿತ ಇಲ್ಲ.

ಫಲಾನುಭವಿ ಯಾರು ಎಂಬ ಕಂಡಿಕೆ

ಇಡೀ ಉಯಿಲಿನಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಈ ಕಂಡಿಕೆ, ಹಿಡಿಯಬೇಕಾದದ್ದೂ ಇದೇ. ‘ಕಲಾವಿದರು’ ಎಂದು ಬರೆದರೆ ನಟ, ಗಾಯಕರಿಗೆ ಸಿಗುತ್ತದೆ. ಲೈಟ್ ಬಾಯ್‌ಗೆ, ಪ್ರೊಡಕ್ಷನ್ ಬಾಯ್‌ಗೆ, ಕಾಸ್ಟ್ಯೂಮ್ ಇಸ್ತ್ರಿ ಮಾಡುವವರಿಗೆ ಸಿಗುವುದು ಸಮಿತಿಯ ದಯೆಯ ಮೇಲೆ ನಿಲ್ಲುತ್ತದೆ. ಹಾಗಾಗಿ ಕೆಲಸಗಳನ್ನು ಹೆಸರಿಸಿಯೇ ಬರೆಯಬೇಕು. ಅದರ ಜೊತೆಗೆ ‘ಇವುಗಳಿಗೆ ಸಮಾನವಾದ ತೆರೆಮರೆಯ ಇತರ ಕೆಲಸ’ ಎಂಬ ಬಾಗಿಲನ್ನೂ ತೆರೆದಿಡಬೇಕು, ಏಕೆಂದರೆ ಇನ್ನು 20 ವರ್ಷಕ್ಕೆ ಕೆಲಸಗಳ ಹೆಸರೇ ಬದಲಾಗಿರುತ್ತವೆ.

ಆಮೇಲಿನ ತೊಡಕು ಪುರಾವೆ. ಇವರ ಹೆಸರು ಪೋಸ್ಟರಿನಲ್ಲಿಲ್ಲ, ಟೈಟಲ್ ಕಾರ್ಡಿನಲ್ಲೂ ಹೆಚ್ಚಾಗಿ ಇರುವುದಿಲ್ಲ. ಬೇಟಾ (ದಿನಭತ್ಯೆ) ಕೈಗೆ ನಗದಾಗಿ ಬಂದಿರುತ್ತದೆ, ಸಂಬಳದ ಚೀಟಿ ಎಂಬುದೇ ಇಲ್ಲ. ‘ಸೂಕ್ತ ದಾಖಲೆ ಹಾಜರುಪಡಿಸಿದವರಿಗೆ’ ಎಂದು ಬರೆದರೆ ಯಾರಿಗಾಗಿ ನಿಧಿಯೋ ಅವರೇ ಹೊರಗುಳಿಯುತ್ತಾರೆ. ಇಲ್ಲಿ ಒಪ್ಪಿದ ಸೂತ್ರ ಹೀಗಿದೆ: ಕನಿಷ್ಠ 10 ವರ್ಷದ ಕೆಲಸ, ಬಿಟ್ಟು ಬಿಟ್ಟು ಮಾಡಿದ್ದರೂ ಸರಿ. ಪುರಾವೆಯಾಗಿ ಯೂನಿಯನ್ ಕಾರ್ಡ್. ಇಲ್ಲವೇ ಬೇರೆ ಬೇರೆ ಕಂಪನಿ ಅಥವಾ ಯೂನಿಟ್‌ಗಳಲ್ಲಿ ಜೊತೆಗೆ ದುಡಿದ ಇಬ್ಬರ ಸಹಿ ಮಾಡಿದ ಪತ್ರ. ಇಲ್ಲವೇ ಸ್ಥಳದ ಫೋಟೊ, ಕಾಲ್‌ಶೀಟ್, ವೋಚರ್ ಇಂಥ ಯಾವುದಾದರೂ ಎರಡು. ಪತ್ರ ಕೊಡುವವರು ಅರ್ಜಿದಾರರ ಬಂಧುಗಳಾಗಿರಬಾರದು.

ಜಾತಿ, ಧರ್ಮದ ಗಡಿ ಹಾಕಬಾರದು. ನೈತಿಕತೆಯ ಮಾತು ಹಾಗಿರಲಿ, ಒಂದು ನಿರ್ದಿಷ್ಟ ಧರ್ಮ ಅಥವಾ ಜಾತಿಗಷ್ಟೇ ಮೀಸಲಾದ ದತ್ತಿ ತೆರಿಗೆ ವಿನಾಯಿತಿಯನ್ನೂ ಕಳೆದುಕೊಳ್ಳಬಹುದು. ಕಸುಬಿನ ಗಡಿಗೆ ಆ ತೊಂದರೆ ಇಲ್ಲ. ಸಾರ್ವಜನಿಕರ ಒಂದು ವರ್ಗವನ್ನು ವ್ಯಕ್ತಿಗತವಲ್ಲದ ಸಮಾನ ಗುಣದಿಂದ ಗುರುತಿಸುವಂತಿದ್ದರೆ ಅವರ ನೆರವೂ ಸಾರ್ವಜನಿಕ ದತ್ತಿಯೇ ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ.

ಕೊನೆಗೆ ನಿಂತ ಒಕ್ಕಣೆಯ ಮುಖ್ಯ ಭಾಗ ಇದು (ನಿರ್ವಾಹಕರು ಎಂದರೆ ಉಯಿಲನ್ನು ಜಾರಿಗೆ ತರಲು ಅದರಲ್ಲೇ ನೇಮಿಸಿದವರು):

‘ನನ್ನ ಸಾಲ, ಚಿಕಿತ್ಸೆ, ಅಂತ್ಯಕ್ರಿಯೆ, ತೆರಿಗೆ ಮತ್ತು ಈ ಉಯಿಲಿನ ನಿರ್ವಹಣೆಯ ಖರ್ಚು ಕಳೆದು, ಮೇಲಿನ ಕಂಡಿಕೆಗಳಲ್ಲಿ ಕೊಟ್ಟದ್ದನ್ನು ಬಿಟ್ಟು ಉಳಿಯುವ ನನ್ನ ಸಮಸ್ತ ಚರ ಮತ್ತು ಸ್ಥಿರ ಸ್ವತ್ತನ್ನು ನಿರ್ವಾಹಕರು ಹಣವಾಗಿ ಪರಿವರ್ತಿಸಿ, ಇಂಥ ನೋಂದಣಿ ಸಂಖ್ಯೆ ಮತ್ತು ಪ್ಯಾನ್ ಹೊಂದಿರುವ ಇಂಥ ಟ್ರಸ್ಟಿಗೆ ಮೂಲನಿಧಿಯಾಗಿ ಕೊಡತಕ್ಕದ್ದು. ಅದರ ಆದಾಯವನ್ನು ನಾಟಕ, ಸಿನಿಮಾ, ಧಾರಾವಾಹಿ, ಯಕ್ಷಗಾನ, ಬಯಲಾಟಗಳಲ್ಲಿ ಮೇಕಪ್, ವಸ್ತ್ರ, ದೀಪ, ಧ್ವನಿ, ರಂಗಸಜ್ಜಿಕೆ, ಅಡುಗೆ, ಸಾಗಣೆ ಮತ್ತು ಇವುಗಳಿಗೆ ಸಮಾನವಾದ ತೆರೆಮರೆಯ ಕೆಲಸ ಮಾಡಿದವರ ಹಾಗೂ ಸಹಕಲಾವಿದರ ಚಿಕಿತ್ಸೆ ಮತ್ತು ಜೀವನ ನೆರವಿಗೆ, ಜಾತಿ, ಧರ್ಮ, ಲಿಂಗ, ಸಂಘದ ಸದಸ್ಯತ್ವ ನೋಡದೆ ಬಳಸತಕ್ಕದ್ದು. ಸದರಿ ಟ್ರಸ್ಟ್ ಆಗ ಅಸ್ತಿತ್ವದಲ್ಲಿ ಇಲ್ಲದಿದ್ದರೆ ಅಥವಾ ಅದರ ದತ್ತಿ ನೋಂದಣಿ ರದ್ದಾಗಿದ್ದರೆ ಇದೇ ಉದ್ದೇಶಕ್ಕೆ ಇಂಥ ಇನ್ನೊಂದು ಟ್ರಸ್ಟಿಗೆ ಕೊಡತಕ್ಕದ್ದು.’

ಪುರಾವೆಯ ಸೂತ್ರ, ಮೊತ್ತದ ಮಿತಿ, ಸಮಿತಿಯ ರಚನೆ ಇದರಲ್ಲಿಲ್ಲ. ಬೇಕೆಂದೇ ಹೊರಗಿಟ್ಟದ್ದು. ಅವು ಟ್ರಸ್ಟಿನೊಂದಿಗೆ ಮಾಡಿಕೊಂಡ ಪ್ರತ್ಯೇಕ ಒಪ್ಪಂದದಲ್ಲಿವೆ, ಕಾಲಕ್ಕೆ ತಕ್ಕಂತೆ ತಿದ್ದಬಹುದು. ಉಯಿಲಿನಲ್ಲಿ ‘ಒಬ್ಬರಿಗೆ 15,000’ ಎಂದು ಬರೆದಿಟ್ಟರೆ 30 ವರ್ಷದ ಮೇಲೂ ಅಷ್ಟೇ.

ಆ ಒಪ್ಪಂದದಲ್ಲಿ ಗಮನಿಸಬೇಕಾದ ಕೆಲವು: ಮೂವರ ಸಮಿತಿಯಲ್ಲಿ ಒಬ್ಬರು ತೆರೆಮರೆಯಲ್ಲಿ ದುಡಿದವರೇ ಆಗಿರಬೇಕು, ಒಬ್ಬರು ಹೊರಗಿನ ಆಡಿಟರ್. ಸದಸ್ಯರ ಬಂಧುವಿನ ಅರ್ಜಿ ಬಂದರೆ ಆ ಸದಸ್ಯರು ಹೊರಗೆ ಕೂರಬೇಕು. ಆಸ್ಪತ್ರೆಯ ಮುಂಗಡಕ್ಕೆ 15,000 ರೂಪಾಯಿವರೆಗೆ ಇಬ್ಬರ ಒಪ್ಪಿಗೆ ಸಾಕು, ಮೂರು ದಿನದೊಳಗೆ ನೇರ ಆಸ್ಪತ್ರೆಯ ಖಾತೆಗೆ ಹೋಗಬೇಕು. ನೆರವು ಪಡೆದವರ ಕೈಗೆ ಚೆಕ್ ಹಿಡಿಸಿ ಫೋಟೊ ತೆಗೆಯಬಾರದು, ವೇದಿಕೆಗೆ ಕರೆಯಬಾರದು, ಹೆಸರು ಪ್ರಕಟಿಸಬಾರದು. ಈ ಕೊನೆಯ ಷರತ್ತು ಅವರೇ ಹಟ ಹಿಡಿದು ಸೇರಿಸಿದ್ದು. ಮರ್ಯಾದೆಗೆ ಅಂಜಿ ಅರ್ಜಿಯನ್ನೇ ಹಾಕದವರು ಈ ಕಸುಬಿನಲ್ಲಿ ಎಷ್ಟಿದ್ದಾರೆಂದು ಬಲ್ಲವರು ಅದನ್ನು ಬಿಡುವಂತಿಲ್ಲ.

ಸರ್ಕಾರದ ನೆರವಿದ್ದರೆ ಇದು ಯಾಕೆ ಎಂದು ಕೇಳುವುದುಂಟು. ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನವಿದೆ. ಸಿನಿಮಾ ಟಿಕೆಟ್ ಮುಂತಾದವುಗಳ ಮೇಲಿನ ಸೆಸ್‌ನಿಂದ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣ ನಿಧಿ ಕಟ್ಟಲು 2024ರಲ್ಲಿ ಕಾಯ್ದೆಯೂ ಆಗಿದೆ. ಅವು ಬೇಕು. ಆದರೆ ರಾತ್ರಿ ಆಸ್ಪತ್ರೆಗೆ ಸೇರಿಸುವಾಗ ಕಟ್ಟಬೇಕಾದ ಮುಂಗಡಕ್ಕೆ ಅರ್ಜಿ, ಪರಿಶೀಲನೆ, ಮಂಜೂರಾತಿಯ ದಾರಿ ಒದಗುವುದಿಲ್ಲ. ದತ್ತಿನಿಧಿಯ ಜಾಗ ಅಲ್ಲಿದೆ.

ಲೆಕ್ಕ

85.5 ಲಕ್ಷದಲ್ಲಿ ಅಣ್ಣನ ಮಗನಿಗೆ 10 ಲಕ್ಷ ಮತ್ತು ತವರುಮನೆಯ ಪಾಲು. ಒಡವೆ ಇಬ್ಬರಿಗೆ: ಕಾಯಿಲೆಯಲ್ಲಿ ನೋಡಿಕೊಂಡ ಕಾಸ್ಟ್ಯೂಮ್ ವಿಭಾಗದ ಗೆಳತಿಗೆ ಮತ್ತು ಅಣ್ಣನ ಮೊಮ್ಮಗಳಿಗೆ. ಉಳಿದದ್ದು 69.5 ಲಕ್ಷ. ಕೊನೆಗಾಲದ ಚಿಕಿತ್ಸೆ, ಅಂತ್ಯಕ್ರಿಯೆಗೆ 4 ಲಕ್ಷ. ಫ್ಲ್ಯಾಟ್ ಮಾರಾಟದ ಲಾಭದ ಮೇಲಿನ ತೆರಿಗೆ, ದಲ್ಲಾಳಿ, ವಕೀಲರು, ಬಾಕಿ ಶುಲ್ಕಗಳಿಗೆ 5.5 ಲಕ್ಷ ಎಂದು ಇಟ್ಟುಕೊಂಡರೆ ನಿಧಿಗೆ 60 ಲಕ್ಷ. ಶೇ 6.5ರ ಬಡ್ಡಿಯಲ್ಲಿ ವರ್ಷಕ್ಕೆ 3.9 ಲಕ್ಷ. ದತ್ತಿ ಸಂಸ್ಥೆ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕೆಂಬ ನಿಯಮದಂತೆ 3,31,500 ಖರ್ಚಿಗೆ, 58,500 ಅಸಲಿಗೆ ಸೇರ್ಪಡೆ. ಅಂದರೆ 15,000ದಂತೆ ವರ್ಷಕ್ಕೆ 22 ಮಂದಿಗೆ ನೆರವು. ‘ನೂರಾರು ಜನರಿಗೆ’ ಎಂದು ಅವರು ಎಣಿಸಿದ್ದಕ್ಕಿಂತ ಇದು ಕಡಿಮೆ. ಆದರೆ 22 ಎಂಬ ಸಂಖ್ಯೆ ಕಣ್ಣಮುಂದಿದ್ದರೆ ಮಾತ್ರ ಮದುವೆ, ಶಿಕ್ಷಣ, ಸನ್ಮಾನ ಎಂದು ಉದ್ದೇಶಗಳನ್ನು ಹಿಗ್ಗಿಸುವ ಆಸೆ ನಿಲ್ಲುತ್ತದೆ.

ಅಸಲನ್ನೂ ಸೇರಿಸಿ 20 ವರ್ಷದಲ್ಲಿ ಮುಗಿಸುವುದಾದರೆ ಅದೇ ಬಡ್ಡಿದರದಲ್ಲಿ ವರ್ಷಕ್ಕೆ ಸುಮಾರು 5.4 ಲಕ್ಷ ಕೊಡಬಹುದಿತ್ತು. ಅದೂ ಗೌರವದ ಆಯ್ಕೆಯೇ. ಆದರೆ ‘ಮೂಲನಿಧಿಯಾಗಿ’ ಎಂಬ ಲಿಖಿತ ನಿರ್ದೇಶನ ಇಲ್ಲದೆ ಬಂದ ಹಣ ಟ್ರಸ್ಟಿನ ಆ ವರ್ಷದ ಆದಾಯವಾಗಿ, ಅದರಲ್ಲೂ ಶೇ 85ರಷ್ಟು ಖರ್ಚು ತೋರಿಸಬೇಕಾದ ಇಕ್ಕಟ್ಟು ಬರುತ್ತದೆ. 60 ಲಕ್ಷ ಒಮ್ಮೆಗೇ ಬಂದ ಸಣ್ಣ ಟ್ರಸ್ಟ್ ಆತುರದಲ್ಲಿ ಖರ್ಚು ಮಾಡುವುದು ಹೀಗೆಯೇ. ಅದಕ್ಕಾಗಿ ಮೂಲನಿಧಿ ಎಂದೇ ಬರೆದು, 2020ರ ಲಾಕ್‌ಡೌನಿನಂತೆ ಶೂಟಿಂಗ್, ಪ್ರದರ್ಶನ ಎಲ್ಲ ನಿಂತ ವರ್ಷದಲ್ಲಿ ಮಾತ್ರ ಅಸಲಿನ ಶೇ 5ರವರೆಗೆ ತೆಗೆಯಲು ಒಪ್ಪಂದದಲ್ಲಿ ಅವಕಾಶ ಇಡಲಾಯಿತು.

ಮೊತ್ತವನ್ನು ಹೀಗೆ ಶೇಷವಾಗಿ, ಅಂದರೆ ‘ಉಳಿದದ್ದೆಲ್ಲ’ ಎಂದು, ಕೊಟ್ಟದ್ದಕ್ಕೂ ಕಾರಣವಿದೆ. ‘ಇಂಥ ಸಂಖ್ಯೆಯ ಎಫ್‌ಡಿ ಟ್ರಸ್ಟಿಗೆ’ ಎಂದು ಬರೆದಿದ್ದರೆ, ಅದನ್ನು ಮುರಿಸಿ ಚಿಕಿತ್ಸೆಗೆ ಬಳಸಿದ ದಿನವೇ ಆ ದಾನ ಇಲ್ಲವಾಗುತ್ತದೆ. ನವೀಕರಣವಾಗಿ ಸಂಖ್ಯೆ ಬದಲಾದರೂ ತಕರಾರು.

ನಾಮಿನಿಯ ಗೊಂದಲ

ಎಫ್‌ಡಿಗೆ ಅಣ್ಣನ ಮಗ ನಾಮಿನಿ. ಬ್ಯಾಂಕ್ ಹಣವನ್ನು ನಾಮಿನಿಗೇ ಕೊಡುತ್ತದೆ, ಉಯಿಲು ನೋಡುವುದಿಲ್ಲ. ಆದರೆ ನಾಮಿನಿ ಒಡೆಯನಲ್ಲ, ಉಯಿಲಿನಂತೆ ಸೇರಬೇಕಾದವರ ಪರವಾಗಿ ಪಡೆಯುವವನು. ಷೇರುಗಳಿಗೂ ಇದೇ ನ್ಯಾಯ ಎಂದು 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಹೇಳಿತು. ಕಾನೂನು ಸ್ಪಷ್ಟ, ಆದರೆ ಕೈಗೆ ಬಂದ ಹಣವನ್ನು ಹಿಂದಕ್ಕೆ ಪಡೆಯಲು ಟ್ರಸ್ಟ್ ದಾವೆ ಹೂಡಬೇಕಾದ ಸ್ಥಿತಿ ಬರಬಾರದು. ಆದ್ದರಿಂದ ಅವನಿಗೆ ಕೊಡುವ 10 ಲಕ್ಷದ ಒಂದು ಎಫ್‌ಡಿಗೆ ಅವನನ್ನೇ ನಾಮಿನಿಯಾಗಿ ಉಳಿಸಿ, ಆ 10 ಲಕ್ಷ ಇದೇ ಎಂದು ಉಯಿಲಿನಲ್ಲಿ ಹೇಳಿ, ಉಳಿದ ಖಾತೆಗಳಿಗೆಲ್ಲ ಉಯಿಲಿನ ನಿರ್ವಾಹಕರನ್ನೇ ನಾಮಿನಿ ಮಾಡಲಾಯಿತು.

ನಿರ್ವಾಹಕರ ಆಯ್ಕೆಯಲ್ಲಿ ಎರಡು ಮಾತು. ಟ್ರಸ್ಟಿನ ಪದಾಧಿಕಾರಿ ಬೇಡ, ವಾರಸುದಾರನೂ ಬೇಡ. ವಯಸ್ಸಿನಲ್ಲಿ 15 ವರ್ಷವಾದರೂ ಕಿರಿಯರಿರಲಿ, ಬದಲಿ ಹೆಸರೊಂದಿರಲಿ. ಇಲ್ಲಿ ಆಡಿಟರ್ ಒಬ್ಬರು ಒಪ್ಪಿದರು, ಅವರ ಶುಲ್ಕವನ್ನೂ ಉಯಿಲಿನಲ್ಲೇ ಬರೆಯಲಾಯಿತು.

ಸಹಿಯ ದಿನ

ದತ್ತಿ ಉಯಿಲುಗಳು ನ್ಯಾಯಾಲಯದಲ್ಲಿ ಹೆಚ್ಚಾಗಿ ಎಡವುವುದು ಸಹಿಯ ದಿನ ಯಾರು ಯಾರು ಇದ್ದರು ಎಂಬ ಪ್ರಶ್ನೆಯಲ್ಲಿ. ಲಾಭ ಪಡೆಯುವವರೇ ಉಯಿಲು ಬರೆಸುವುದರಲ್ಲಿ ಮುಂದಾಗಿದ್ದರೆ ಅದು ಸಂಶಯಕ್ಕೆಡೆ, ಆ ಸಂಶಯ ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವರದು ಎಂಬುದು ಮೈಸೂರು ಸೀಮೆಯಿಂದಲೇ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲಿ ಗಟ್ಟಿಮಾಡಿದ ತತ್ವ. ಟ್ರಸ್ಟಿನ ಕಾರ್ಯದರ್ಶಿ ಪ್ರೀತಿಯಿಂದಲೇ ಕಾರಿನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದರೂ ಗಂಡನ ಕಡೆಯವರ ವಕೀಲರಿಗೆ ಅಷ್ಟು ಸಾಕು. ಟ್ರಸ್ಟಿನವರು ಆ ದಿನ ಹತ್ತಿರವೂ ಸುಳಿಯಬಾರದು.

ಸಾಕ್ಷಿಗಳಾಗಿ ಅವರ ವೈದ್ಯರು ಮತ್ತು ನಲವತ್ತರ ಆಸುಪಾಸಿನ ನೆರೆಯವರೊಬ್ಬರು ಬಂದರು. ಉಯಿಲನ್ನು ರುಜುವಾತುಪಡಿಸಲು, ಸಾಕ್ಷಿಗಳು ಬದುಕಿದ್ದರೆ, ಒಬ್ಬರನ್ನಾದರೂ ನ್ಯಾಯಾಲಯಕ್ಕೆ ಕರೆಯಬೇಕಾಗುತ್ತದೆ. ಓರಗೆಯವರನ್ನೇ ಸಾಕ್ಷಿ ಮಾಡಿದರೆ ಆ ಹೊತ್ತಿಗೆ ಅವರಿರುವುದಿಲ್ಲ. ಅದೇ ದಿನದ ವೈದ್ಯರ ಪ್ರಮಾಣಪತ್ರ, ಪ್ರತಿ ಪುಟಕ್ಕೂ ಸಹಿ. ಗಂಡನ ಕಡೆಯವರಿಗೆ ಏನೂ ಕೊಡದಿರುವುದು ಮರೆವಿನಿಂದಲ್ಲ, ತಿಳಿದೇ ಎಂಬ ಒಂದು ವಾಕ್ಯ. ನೋಂದಣಿ ಕಡ್ಡಾಯವಲ್ಲ, ಕಾಲಮಿತಿಯೂ ಇಲ್ಲ; ಆದರೂ ಮಾಡಿಸಿದರು. ನೋಂದಣಿಯಾದ ಮಾತ್ರಕ್ಕೆ ಉಯಿಲು ರುಜುವಾತಾದಂತಲ್ಲ, ಕಳೆದುಹೋಯಿತು, ತಿದ್ದಿದರು ಎಂಬ ತಕರಾರು ಮಾತ್ರ ತಪ್ಪುತ್ತದೆ. ಮುಂದೆ ಬದಲಾವಣೆ ಬೇಕಾದರೆ ಅದೇ ಪ್ರತಿಯ ಮೇಲೆ ಗೀಚಬಾರದು. ಪೂರಕ ಉಯಿಲಿಗೂ ಇಬ್ಬರು ಸಾಕ್ಷಿಗಳು ಬೇಕೇ ಬೇಕು.

ಮೇಕಪ್ ಪೆಟ್ಟಿಗೆ, ವಿಗ್ಗುಗಳು, ಹಳೆಯ ಕಂಪನಿಯ ಕರಪತ್ರ ಮತ್ತು ಫೋಟೊಗಳಿಗೆ ಬೆಲೆ ಕಟ್ಟಲಿಲ್ಲ. ‘ಮಾರಿ ಹಣ ಮಾಡುವ’ ಕಂಡಿಕೆಯಿಂದ ಅವನ್ನು ಹೊರಗಿಟ್ಟು, ಪಡೆಯಲು ಮೊದಲೇ ಲಿಖಿತವಾಗಿ ಒಪ್ಪಿದ ರಂಗಶಿಕ್ಷಣ ಸಂಸ್ಥೆಗೆ, ಪ್ರತಿ ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆದು, ಪಟ್ಟಿ ಸಮೇತ ಬರೆದಿಟ್ಟರು. ಆ ಹೆಸರುಗಳನ್ನು ಹೇಳಬಲ್ಲವರು ಈಗ ಅವರೊಬ್ಬರೇ.

ನಿರ್ವಾಹಕರ ಕೆಲಸದ ಕ್ರಮವನ್ನೂ ಒಂದು ಹಾಳೆಯಲ್ಲಿ ಬರೆದು ಉಯಿಲಿನ ಪ್ರತಿಯೊಂದಿಗೆ ಇಡಲಾಗಿದೆ: ಮರಣ ಪ್ರಮಾಣಪತ್ರದ ಹತ್ತು ಪ್ರತಿ, ಬ್ಯಾಂಕ್ ಮತ್ತು ಅಂಚೆ ಕಚೇರಿಗೆ ತಿಳಿವಳಿಕೆ, ಫ್ಲ್ಯಾಟಿನ ಬೀಗ ಮತ್ತು ಸಾಮಾನು ಪಟ್ಟಿ, ನಿರ್ವಹಣಾ ಶುಲ್ಕ ಮತ್ತು ಆಸ್ತಿ ತೆರಿಗೆ ಬಾಕಿ ತೀರಿಕೆ, ಖಾತೆ ಬದಲಾವಣೆ, ಇ-ಖಾತಾ, ಆಮೇಲೆ ಮಾರಾಟ, ಇ-ಖಾತಾ ಇಲ್ಲದೆ ಕ್ರಯಪತ್ರ ನೋಂದಣಿಯಾಗದು. ಕರ್ನಾಟಕದಲ್ಲಿ ಪ್ರೊಬೇಟ್ (ಉಯಿಲಿಗೆ ನ್ಯಾಯಾಲಯದ ದೃಢೀಕರಣ) ಕಡ್ಡಾಯವಲ್ಲದಿದ್ದರೂ ಗಂಡನ ಕಡೆಯವರು ಆಕ್ಷೇಪ ಎತ್ತಿದರೆ, ಅಥವಾ ಕೊಳ್ಳುವವರ ಬ್ಯಾಂಕ್ ಕೇಳಿದರೆ, ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಆ ಖರ್ಚು 5.5 ಲಕ್ಷದೊಳಗೇ ಇದೆ. ಟ್ರಸ್ಟಿಗೆ ಹಣ ವರ್ಗಾಯಿಸುವ ಪತ್ರದಲ್ಲಿ ಉಯಿಲಿನ ಕಂಡಿಕೆ ಸಂಖ್ಯೆ ಮತ್ತು ‘ಮೂಲನಿಧಿಗೆ’ ಎಂಬ ಪದ ಇರಬೇಕು, ಅದೇ ಪದ ಟ್ರಸ್ಟಿನ ರಸೀದಿಯಲ್ಲೂ ಬರಬೇಕು.